ಹಳೆ ಲ್ಯಾಪ್‌ಟಾಪ್ ಬ್ಯಾಟರಿಯಿಂದ ರೂಟರ್‌ಗೆ ಜೀವ

ಕಲಬುರಗಿ ಬ್ಯಾಸಗಿ ಅಂದ್ರೆ ಗೊತ್ತಲ್ಲ, ನಲವತ್ತರ ಮೇಲಿನ ಬಿಸಿಲು, ಮಧ್ಯಾಹ್ನ ಕರೆಂಟ್ ಮಾಯ. ಆನ್‌ಲೈನ್ ಕ್ಲಾಸ್ ನಡುವೆಯೇ ರೂಟರ್ ಸತ್ತುಹೋಗುತ್ತಿತ್ತು.

ಅಟ್ಟದಲ್ಲಿದ್ದ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿದೆ. ಒಳಗೆ ಆರು 18650 ಸೆಲ್, ಅಂದ್ರೆ ದುಂಡನೆಯ ಲಿಥಿಯಂ ಸೆಲ್. ಮೂರು 2 ವೋಲ್ಟಿಗಿಂತ ಕೆಳಗಿದ್ದವು, ಅವನ್ನು ಬಳಸಲೇ ಇಲ್ಲ. ಅಷ್ಟು ಇಳಿದ ಲಿಥಿಯಂ ಸೆಲ್ ಚಾರ್ಜ್ ಮಾಡುವುದು ಬೆಂಕಿಯ ಜೊತೆ ಆಟ. ಒಳ್ಳೆಯದರಲ್ಲಿ ಒಂದಕ್ಕೆ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಿಂದ ತಂದ ಟಿಪಿ4056 ಚಾರ್ಜಿಂಗ್ ಬೋರ್ಡ್ ಮತ್ತು 12 ವೋಲ್ಟಿಗೆ ಏರಿಸುವ ಬೂಸ್ಟ್ ಮಾಡ್ಯೂಲ್ ಜೋಡಿಸಿದೆ.

ಮೀಟರ್ 12 ತೋರಿಸಿತು. ರೂಟರ್ ಸಿಕ್ಕಿಸಿದರೆ ಹಸಿರು ದೀಪ ಒಮ್ಮೆ ಮಿನುಗಿ ಆರುತ್ತೆ, ಮತ್ತೆ ಮಿನುಗುತ್ತೆ. ಎರಡು ದಿನ ಮಾಡ್ಯೂಲನ್ನೇ ಬೈದೆ. ಕೊನೆಗೆ ವೈರ್ ಮುಟ್ಟಿದರೆ ಬೆಚ್ಚಗಿತ್ತು! ಹಳೆ ಮೊಬೈಲ್ ಚಾರ್ಜರಿನ ಕೂದಲಿನಂಥ ವೈರ್ ಹಾಕಿದ್ದೆ. ರೂಟರಿಗೆ 6 ವ್ಯಾಟ್ ಬೇಕಾದರೆ 3.7 ವೋಲ್ಟಿನ ಸೆಲ್, ಬೂಸ್ಟ್ ಮಾಡ್ಯೂಲಿನ ನಷ್ಟವೂ ಸೇರಿ, ಸುಮಾರು 2 ಆಂಪಿಯರ್ ಕೊಡಬೇಕು; ಆ ವೈರಿನಲ್ಲೇ ವೋಲ್ಟೇಜ್ ಸೋರಿಹೋಗುತ್ತಿತ್ತು.

ದಪ್ಪ ವೈರ್ ಹಾಕಿ, ಗಿಡ್ಡಗೆ ಕತ್ತರಿಸಿದೆ. ಎರಡು ಸೆಲ್‌ಗಳನ್ನು ಬೇರೆಬೇರೆ 4.2 ವೋಲ್ಟಿಗೆ ಪೂರ್ತಿ ಚಾರ್ಜ್ ಮಾಡಿ ಪ್ಯಾರಲಲ್ ಆಗಿ, ಅಂದ್ರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್, ಜೋಡಿಸಿದೆ. ನೇರ ಸೆಲ್ಲಿಗೆ ಬೆಸುಗೆ ಹಾಕಲಿಲ್ಲ, ಕಂಪನಿಯ ನಿಕಲ್ ಪಟ್ಟಿಗೇ ಹಾಕಿದೆ. ಈಗ ಒಂದೂವರೆ ತಾಸು ನಡೆಯುತ್ತೆ. ಕರೆಂಟ್ ಹೋದಾಗ ರೂಟರಿನ ಪಿನ್ ಕೈಯಿಂದಲೇ ಬದಲಿಸಬೇಕು, ಆಗೊಮ್ಮೆ ರೂಟರ್ ರಿಸ್ಟಾರ್ಟ್ ಆಗುತ್ತೆ. ಇರಲಿ. ಇದನ್ನೆಲ್ಲ ಇಟ್ಟಿರುವ ಡಬ್ಬಿ ಮಾತ್ರ ಅವ್ವನ ಮಸಾಲೆ ಡಬ್ಬಿ, ಅವಳಿಗೆ ಇನ್ನೂ ಹೇಳಿಲ್ಲ.