ನಾಲ್ಕು ನಾಯಿ, ಒಂದು ಸಾಲು: ತಂಡ ಸ್ಪರ್ಧೆಗೆ ತಯಾರಾಗುವುದು ಹೇಗೆ?

ಒಂಟಿಯಾಗಿ ಆಜ್ಞಾಪಾಲನೆಯ ಸ್ಪರ್ಧೆಗೆ ಇಳಿದಾಗ ಮಿಂಚುವ ನಾಯಿ ತಂಡದಲ್ಲಿ ಮುಗ್ಗರಿಸುವುದನ್ನು ಪುಣೆಯ ಮೈದಾನಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ತಂಡ ಕಟ್ಟುವವರು ಸಾಮಾನ್ಯವಾಗಿ ಚುರುಕಾದ ನಾಯಿಗಳನ್ನು ಹುಡುಕುತ್ತಾರೆ. ಪಕ್ಕದ ನಾಯಿ ಏನು ಮಾಡುತ್ತಿದೆ ಎಂಬ ಕುತೂಹಲವೇ ಇಲ್ಲದ ನಾಯಿಯನ್ನು ನಾನು ಹುಡುಕುತ್ತೇನೆ. ನಮ್ಮ ತಂಡದಲ್ಲಿ ಒಂದು ಲ್ಯಾಬ್ರಡಾರ್, ಒಂದು ಜರ್ಮನ್ ಶೆಫರ್ಡ್, ಕೋಥ್ರೂಡಿನ ಬೀದಿಯಲ್ಲೇ ಹುಟ್ಟಿದ ಒಂದು ನಾಟಿ ನಾಯಿ ಮತ್ತು ನನ್ನ ಮುಧೋಳದ ಹೆಣ್ಣುನಾಯಿ ತುಂಗಿ ಇವೆ. ಇಲ್ಲಿಯವರು ಈ ತಳಿಯನ್ನು ಕಾರವಾನ್ ಎನ್ನುತ್ತಾರೆ. ಬಾಗಲಕೋಟೆ ಕಡೆಯವಳಾದ ನಾನು ಪ್ರತಿ ಸಲವೂ ತಿದ್ದುತ್ತೇನೆ.

ನಾವು ಅಭ್ಯಾಸ ಮಾಡುವುದು ಅಮೆರಿಕನ್ ಕೆನೆಲ್ ಕ್ಲಬ್ಬಿನ ತಂಡ ವಿಭಾಗದ ಮಾದರಿಯಲ್ಲಿ. ನಾಲ್ಕು ನಾಯಿಗಳು ಒಟ್ಟಿಗೆ ಕಣಕ್ಕಿಳಿಯುತ್ತವೆ. ಒಂದೊಂದಕ್ಕೆ 200ರಂತೆ ತಂಡಕ್ಕೆ 800 ಅಂಕ. ಹಗ್ಗ ಬಿಗಿಯಾದರೆ, ನಾಯಿ ಹಿಂದುಳಿದರೆ, ಸೊಟ್ಟಗೆ ಕುಳಿತರೆ ಅಂಕ ಹೋಗುತ್ತದೆ. ಕಣದೊಳಗೆ ತಿಂಡಿ ಕೊಡುವಂತಿಲ್ಲ.

ಮೊದಲು ತರಬೇತಿ ಬೇಕಾಗಿರುವುದು ಮನುಷ್ಯರಿಗೆ. ನಾಯಿಗಳನ್ನು ಮನೆಯಲ್ಲಿ ಬಿಟ್ಟು ನಾಲ್ವರೂ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಸಾಲಾಗಿ ನಡೆಯಿರಿ. ಒಬ್ಬರು ನಿಂತು ‘ಮುಂದೆ, ಎಡಕ್ಕೆ, ನಿಧಾನ, ನಿಲ್ಲಿ’ ಎಂದು ಕೂಗಲಿ. ವಾಚ್‌ಮನ್ ನಕ್ಕರೆ ನಗಲಿ. ಲ್ಯಾಬ್ರಡಾರ್ ಸಾಕಿರುವ ಕಾಕಾ ನಿವೃತ್ತ ಸೈನಿಕರು. ಅವರ ಹೆಜ್ಜೆಯನ್ನು ಬದಲಿಸುವುದಕ್ಕಿಂತ ನಾವು ಮೂವರು ಹೊಂದಿಕೊಳ್ಳುವುದೇ ಸುಲಭವಾಯಿತು. ನಾಯಿ ನಡೆಯುವುದು ಎಡಗಡೆ, ಸೆರಗು ಬೀಳುವುದೂ ಎಡಗಡೆ. ಅದು ಮುಖಕ್ಕೆ ಬಡಿದರೆ ನಾಯಿ ದೂರ ಸರಿಯುತ್ತದೆ, ಆದ್ದರಿಂದ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಆಜ್ಞೆಯ ಮಾತುಗಳನ್ನೂ ಹಂಚಿಕೊಳ್ಳಿ. ನಾಲ್ವರೂ ‘ಕಮ್’ ಎಂದರೆ ಒಬ್ಬರ ಕೂಗಿಗೆ ಎರಡು ನಾಯಿ ಏಳುತ್ತವೆ. ಕಾಕಾ ಮರಾಠಿಯಲ್ಲಿ ಕರೆಯುತ್ತಾರೆ, ನಾನು ಕನ್ನಡದಲ್ಲಿ. ಇಂಗ್ಲಿಷ್ ಬಳಸುವ ಇಬ್ಬರು ನಾಯಿಯ ಹೆಸರನ್ನು ಮೊದಲು ಹೇಳುತ್ತಾರೆ.

ನಿಜವಾದ ಪರೀಕ್ಷೆ ಎಂದರೆ ಕರೆದಾಗ ಓಡಿಬರುತ್ತಾ ನಡುದಾರಿಯಲ್ಲಿ ಮಲಗುವುದು. ನಾಲ್ಕೂ ನಾಯಿಗಳನ್ನು ಸಾಲಾಗಿ ಕೂರಿಸಿ ನಾವು ಎದುರಿನ ತುದಿಗೆ ಹೋಗುತ್ತೇವೆ. ಒಂದೊಂದನ್ನೇ ಕರೆದು ಅರ್ಧ ದಾರಿಯಲ್ಲಿ ಮಲಗಿಸಬೇಕು. ನಾಲ್ಕೂ ಮಲಗಿದ ಮೇಲೆಯೇ ಎಲ್ಲರೂ ಒಟ್ಟಿಗೆ ಕರೆಯುವುದು. ಅಂದರೆ ಮೊದಲು ಮಲಗಿದ ನಾಯಿ ಉಳಿದ ಮೂರರ ಓಟವನ್ನು ಅಲುಗಾಡದೆ ನೋಡಬೇಕು. ಕೊನೆಯದು ಮೂರು ನಾಯಿ ಹೊರಟುಹೋದರೂ ಕುಳಿತೇ ಇರಬೇಕು. ಯಾರನ್ನು ಯಾವ ತುದಿಗೆ ಹಾಕುವುದು ಎಂಬುದರ ಮೇಲೆ ಅರ್ಧ ಫಲಿತಾಂಶ ನಿಂತಿದೆ. ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ, ತನ್ನಿಂದ ದೂರ ಓಡುವುದನ್ನು ಅಟ್ಟುವುದು ಅದರ ರಕ್ತದಲ್ಲಿದೆ. ಹಾಗಾಗಿ ತುಂಗಿಯನ್ನು ಮೊದಲು ಕರೆಯುವ ತುದಿಗೆ ಹಾಕಿದೆ. ಉಳಿದವು ಆಗ ಅವಳ ಕಡೆಗೆ ಓಡಿಬರುತ್ತವೆ. ಆದರೆ ಮೈಯಲ್ಲಿ ಕೊಬ್ಬಿಲ್ಲದ ಈ ನಾಯಿಗೆ ಗಟ್ಟಿ ನೆಲದಲ್ಲಿ ಮೊಣಕೈ ಊರಿ ಮಲಗುವುದು ಹಿಂಸೆ. ಹುಲ್ಲಿನ ಮೇಲೆ ಕಲಿಸಿ, ನಂತರ ಮಣ್ಣಿಗೆ ಬನ್ನಿ.

ಮಲಗಿದ ನಾಯಿ ಹೊಟ್ಟೆಯ ಮೇಲೆ ತೆವಳುತ್ತಾ ಮುಂದೆ ಬರುತ್ತಿದ್ದರೆ ಬೈಯಬೇಡಿ. ಅದು ಮಲಗಿದ ಕ್ಷಣವೇ ಪನೀರಿನ ಸಣ್ಣ ತುಂಡನ್ನು ಅದರ ಹಿಂದಕ್ಕೆ ಎಸೆಯಿರಿ. ಬಹುಮಾನ ಬೆನ್ನ ಹಿಂದೆ ಬೀಳುತ್ತದೆ ಎಂದು ತಿಳಿದ ನಾಯಿ ಮುಂದೆ ನುಗ್ಗುವುದಿಲ್ಲ. ಇದನ್ನು ಒಂಟಿಯಾಗಿ ಕಲಿಸಿ, ಆಮೇಲೆ ಎರಡು ನಾಯಿ, ಆಮೇಲೆ ಮೂರು. ಒಮ್ಮೆಗೇ ನಾಲ್ಕನ್ನು ನಿಲ್ಲಿಸುವ ಆತುರ ಬೇಡ.

ಸದ್ದಿನ ಅಭ್ಯಾಸಕ್ಕೆ ಪುಣೆಗಿಂತ ಒಳ್ಳೆಯ ಊರು ಬೇಕೇ? ಗಣೇಶೋತ್ಸವಕ್ಕೆ ಮುನ್ನ ಮುಠಾ ನದಿಯ ದಂಡೆಯಲ್ಲಿ ಢೋಲ್-ತಾಶಾ ತಂಡಗಳು ಸಂಜೆಯ ಹೊತ್ತು ತಾಲೀಮು ನಡೆಸುತ್ತವೆ. ಸದ್ದು ಕೇಳಿಸುವ, ಆದರೆ ನಾಯಿ ನೆಮ್ಮದಿಯಿಂದ ತಿಂಡಿ ತಿನ್ನುವಷ್ಟು ದೂರದಲ್ಲಿ ಶುರುಮಾಡಿ. ತಿನ್ನಲು ಒಲ್ಲೆ ಎಂದರೆ ಇನ್ನೂ ಹಿಂದೆ ಸರಿಯಿರಿ.

ಐದನೆಯ ನಾಯಿಯೊಂದನ್ನು ಸಿದ್ಧವಾಗಿಟ್ಟಿರಿ, ಈ ಮಾದರಿಯ ನಿಯಮದಲ್ಲಿ ಬದಲಿಗೆ ಅವಕಾಶವಿದೆ. ಬೆದೆಗೆ ಬಂದ ಹೆಣ್ಣುನಾಯಿಗೆ ಪ್ರವೇಶವಿಲ್ಲ, ಬೆದೆ ನಿಮ್ಮ ಕ್ಯಾಲೆಂಡರ್ ನೋಡಿ ಬರುವುದೂ ಇಲ್ಲ. ಆದರೆ ಕಣಕ್ಕಿಳಿದ ನಾಲ್ಕೇ ನಾಯಿಗಳು ಎಲ್ಲ ವ್ಯಾಯಾಮಗಳನ್ನೂ ಮುಗಿಸಬೇಕು, ನಡುವೆ ಬದಲಿಸುವಂತಿಲ್ಲ. ಕುಂಟುತ್ತಿರುವ ನಾಯಿಯ ಬಗ್ಗೆ ಮುಲಾಜಿಲ್ಲದೆ ಬೆಳಿಗ್ಗೆಯೇ ತೀರ್ಮಾನಿಸಿ.