ಬಯಲಾಟದ ಫೋಟೋಗಳ ಭಾರ ಇಳಿಸಿದ್ದು ಹೀಗೆ

ಕುಂಬಳೆ ಕಡೆಯ ಒಂದು ಯಕ್ಷಗಾನ ಸಂಘದ ಜಾಲತಾಣ. ಮುಖಪುಟದಲ್ಲಿ 18 ಫೋಟೋ; ಒಂದೊಂದೂ ಕ್ಯಾಮೆರಾದಿಂದ ಇಳಿಸಿದ ಹಾಗೇ 6000 ಪಿಕ್ಸೆಲ್ ಅಗಲ, ಸುಮಾರು 5 ಎಂಬಿ. ಮೊಬೈಲಿನಲ್ಲಿ ಪುಟ ತೆರೆದುಕೊಳ್ಳುತ್ತಲೇ ಇರಲಿಲ್ಲ.

ಮೊದಲು ಅಗಲ ಇಳಿಸಬೇಕು, ಕಂಪ್ರೆಶನ್ ಆಮೇಲೆ. ಬ್ರೌಸರಿನಲ್ಲೇ ಫೋಟೋ ಚಿಕ್ಕದು ಮಾಡುವ ಸಾಧನವಾದ ಸ್ಕ್ವೂಶ್‌ನಲ್ಲಿ ಪ್ರತಿ ಫೋಟೋಗೂ 1600 ಮತ್ತು 800 ಪಿಕ್ಸೆಲ್‌ನ ಎರಡು ವೆಬ್‌ಪಿ ಪ್ರತಿ ಮಾಡಿದೆ (ವೆಬ್‌ಪಿ ಎಂದರೆ ಜಾಲತಾಣಗಳಿಗೆಂದೇ ಮಾಡಿದ, ಕಡಿಮೆ ಜಾಗ ಹಿಡಿಯುವ ಚಿತ್ರದ ಫೈಲು), ಕ್ವಾಲಿಟಿ 75. ಚಿಕ್ಕ ಪ್ರತಿ 100 ಕೆಬಿ ಆಸುಪಾಸಿಗೆ ಬಂತು. ಯಾವುದು ಬೇಕೆಂದು ಬ್ರೌಸರೇ ಆರಿಸಿಕೊಳ್ಳಲಿ ಎಂದು ಎರಡನ್ನೂ ಚಿತ್ರದ ಎಚ್‌ಟಿಎಂಎಲ್ ಟ್ಯಾಗ್‌ನ ಎಸ್‌ಆರ್‌ಸಿ‌ಸೆಟ್‌ನಲ್ಲಿ ಕೊಟ್ಟು ಸೈಜಸ್ (ಪುಟದಲ್ಲಿ ಚಿತ್ರ ಕಾಣುವ ಅಗಲ) ಕೂಡ ಬರೆಯಬೇಕು. ಅದನ್ನು ಬಿಟ್ಟರೆ ಚಿತ್ರ ಪರದೆಯಷ್ಟೇ ಅಗಲ ಎಂದು ತಿಳಿದು ಬ್ರೌಸರ್ ದೊಡ್ಡದನ್ನೇ ಎಳೆಯಬಹುದು.

ನಿಜವಾದ ತೊಡಕು ಕೆಂಪು ಬಣ್ಣದ್ದು. ವೇಷದ ಕೆಂಪು ಅಂಚುಗಳು ಕದಡಿದಂತೆ ಕಂಡವು. ಕ್ವಾಲಿಟಿ 90ಕ್ಕೆ ಏರಿಸಿದರೂ ಅಷ್ಟೇ. ಕಾರಣ, ನಷ್ಟಸಹಿತ (ಕೆಲವು ವಿವರ ಬಿಟ್ಟು ಕುಗ್ಗಿಸುವ) ವೆಬ್‌ಪಿ ಬಣ್ಣದ ವಿವರವನ್ನು ಉದ್ದಗಲ ಎರಡರಲ್ಲೂ ಅರ್ಧಕ್ಕೆ ಇಳಿಸಿಯೇ ಉಳಿಸುತ್ತದೆ. ‘ಶಾರ್ಪ್ ವೈಯುವಿ’ (ಬಣ್ಣದ ಅಂಚು ಕಾಯ್ದುಕೊಂಡು ಇಳಿಸುವ) ಆಯ್ಕೆ ಹಾಕಿದ ಮೇಲೆ ಅಂಚು ಬಹುಮಟ್ಟಿಗೆ ತಿಳಿಯಾಯಿತು. ಕಿರೀಟದ ಕುಸುರಿ ಕಾಣದಿದ್ದರೆ ಆ ಫೋಟೋ ಹಾಕಿ ಏನು ಫಲ? ಹಾಗಾಗಿ ಈ ಹೆಜ್ಜೆ ಬಿಡಬೇಡಿ. ಕನ್ನಡ ಅಕ್ಷರಗಳಿರುವ ಆಟದ ಕರಪತ್ರಗಳಿಗೆ ನಷ್ಟರಹಿತ ವೆಬ್‌ಪಿಯೇ ಸರಿ. ಇಲ್ಲದಿದ್ದರೆ ಒತ್ತಕ್ಷರ ಮಸುಕಾಗುತ್ತದೆ.

ಲೇಜಿ ಲೋಡಿಂಗ್ (ಓದುಗ ಹತ್ತಿರ ಬಂದಾಗಷ್ಟೇ ಚಿತ್ರ ಇಳಿಸುವುದು) ಕೆಳಗಿನ ಚಿತ್ರಗಳಿಗೆ ಮಾತ್ರ. ಮೇಲಿನ ದೊಡ್ಡ ಚಿತ್ರಕ್ಕೂ ಹಾಕಿದ್ದರಿಂದ ಅದೇ ತಡವಾಗುತ್ತಿತ್ತು, ತೆಗೆದೆ. ಚಿತ್ರದ ಟ್ಯಾಗ್‌ನಲ್ಲಿ ವಿಡ್ತ್, ಹೈಟ್ (ಅಗಲ, ಎತ್ತರ) ಬರೆದ ಮೇಲೆ ಚಿತ್ರ ಬರುವಾಗ ಪುಟ ಜಿಗಿಯುವುದೂ ನಿಂತಿತು.

ಮೂರು ಫೋಟೋ ಅಡ್ಡ ಮಲಗಿದ್ದವು: ಎಕ್ಸಿಫ್ (ಕ್ಯಾಮೆರಾ ಫೋಟೋದೊಳಗೆ ಬರೆದಿಡುವ ಮಾಹಿತಿ) ಅಳಿಸುವಾಗ ದಿಕ್ಕಿನ ಮಾಹಿತಿಯೂ ಹೋಗಿತ್ತು. ಮೊದಲು ತಿರುಗಿಸಿ, ಆಮೇಲೆ ಅಳಿಸಿ. ಮೂಲ ಫೈಲುಗಳನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.