ಮಾನನಷ್ಟದ ನೋಟಿಸ್ ಬಂತೇ? ಗಾಬರಿ ಬಿಡಿ, ಹೀಗೆ ಮಾಡಿ

ಹೋಂಸ್ಟೇ ಒಂದರ ಕೊಳಚೆ ನೀರು ಹೊಳೆಗೆ ಸೇರುತ್ತಿದೆ ಎಂದು ಸುದ್ದಿ ಬರೆದಿರಿ. ವಾರದೊಳಗೆ ಸ್ಪೀಡ್ ಪೋಸ್ಟ್‌ನಲ್ಲಿ ವಕೀಲರ ನೋಟಿಸ್: ಏಳು ದಿನದಲ್ಲಿ ಕ್ಷಮೆ ಕೇಳಿ, ಇಲ್ಲದಿದ್ದರೆ ಒಂದು ಕೋಟಿ ಪರಿಹಾರ ಕೊಡಿ. ಮಡಿಕೇರಿಯಿಂದ ಕುಟ್ಟದವರೆಗೆ ಊರೂರಿಗೂ ವಾಟ್ಸ್‌ಆ್ಯಪ್ ಸುದ್ದಿ ಗುಂಪುಗಳಿರುವ ಈ ಕಾಲದಲ್ಲಿ ಇಂಥ ಲಕೋಟೆ ಪತ್ರಕರ್ತರಿಗೆ ಮಾತ್ರ ಬರಬೇಕೆಂದೇನಿಲ್ಲ.

ಮೊದಲು ಲಕೋಟೆಯನ್ನು ಎತ್ತಿಡಿ. ಯಾವತ್ತು ಕೈಗೆ ಬಂತು ಎಂದು ಅದರ ಮೇಲೇ ಬರೆದುಕೊಳ್ಳಿ. ಎದುರು ಪಕ್ಷದ ವಕೀಲರಿಗೆ ಫೋನ್ ಮಾಡಿ ಸಮಜಾಯಿಷಿ ಕೊಡಲು ಹೋಗಬೇಡಿ. ನೋಟಿಸ್ ಕೋರ್ಟಿನ ಆದೇಶವಲ್ಲ. ಅದರಲ್ಲಿ ಕೋಟಿ ಎಂದು ಬರೆಯಲು ಖರ್ಚಿಲ್ಲ. ಆದರೆ ದಾವೆ ಹೂಡಬೇಕಾದರೆ ಕೇಳಿದ ಮೊತ್ತಕ್ಕೆ ತಕ್ಕಷ್ಟು ಕೋರ್ಟ್ ಶುಲ್ಕ ಕಟ್ಟಬೇಕು. ಅಲ್ಲಿಗೆ ಬರುವಾಗ ಒಂದೆರಡು ಸೊನ್ನೆ ಉದುರಿದರೆ ಆಶ್ಚರ್ಯವಿಲ್ಲ!

ಅವರ ಮುಂದೆ ಎರಡು ದಾರಿ ಇವೆ. ಪರಿಹಾರ ಕೇಳುವ ಸಿವಿಲ್ ದಾವೆಗೆ ಸುದ್ದಿ ಪ್ರಕಟವಾದ ದಿನದಿಂದ 1 ವರ್ಷದ ಗಡುವು. ಇನ್ನೊಂದು ಕ್ರಿಮಿನಲ್ ದೂರು. ಹಿಂದೆ ಐಪಿಸಿ 499, 500 ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356 ಆಗಿದೆ. 2 ವರ್ಷದವರೆಗೆ ಜೈಲು, ದಂಡ, ಇಲ್ಲವೇ ಸಮುದಾಯ ಸೇವೆ. ಜಾಮೀನು ಸಿಗುವ ಅಪರಾಧ ಇದು. ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ, ನೊಂದವರೇ ಮ್ಯಾಜಿಸ್ಟ್ರೇಟ್ ಬಳಿ ಹೋಗಬೇಕು. ಹಾಗಾಗಿ ‘ಸ್ಟೇಷನ್‌ಗೆ ಬಂದು ಹೋಗಿ’ ಎಂಬ ಫೋನ್ ಬಂದರೆ ಯಾವ ಸೆಕ್ಷನ್ ಎಂದು ಮರ್ಯಾದೆಯಿಂದಲೇ ಕೇಳಿ. ಬರೆದದ್ದಕ್ಕೆ ಜೈಲಿನ ಭಯ ಇರಬಾರದು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಈ ಕಾನೂನು ಸಂವಿಧಾನಬದ್ಧ ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿಬಿಟ್ಟಿದೆ.

ಈಗ ನಿಮ್ಮ ಬರಹವನ್ನೇ ಎದುರು ಪಕ್ಷದವರಂತೆ ಓದಿ. ‘ಪೈಪ್ ಹೊಳೆಗೆ ಬಿಟ್ಟಿದ್ದಾರೆ’ ಎಂಬುದಕ್ಕೆ ಫೋಟೊ ಇದೆ. ‘ಲಂಚ ಕೊಟ್ಟು ಲೈಸೆನ್ಸ್ ತಗೊಂಡಿದ್ದಾರೆ’ ಎಂಬುದಕ್ಕೆ ಏನಿದೆ? ‘ಎನ್ನಲಾಗಿದೆ’ ಎಂದು ಸೇರಿಸಿದ ಮಾತ್ರಕ್ಕೆ ಪಾರಾಗುವುದಿಲ್ಲ. ಬೇರೆಯವರ ಮೆಸೇಜನ್ನು ಸುಮ್ನೆ ಫಾರ್ವರ್ಡ್ ಮಾಡಿದೆ ಎಂದರೂ ಅಷ್ಟೇ. ಹೆಸರು ಹಾಕಿಲ್ಲವಲ್ಲ ಎನ್ನಬೇಡಿ. ನಾಪೋಕ್ಲು ಕಡೆಯ ಇಂಥ ಮನೆತನದವರು ಎಂದರೆ ಯಾರೆಂದು ಕೊಡಗಿನಲ್ಲಿ ಯಾರಿಗೆ ಗೊತ್ತಾಗಲ್ಲ? ಇಲ್ಲಿ ಇನ್ನೊಂದು ಎಚ್ಚರ ಬೇಕು. ತೀರಿಹೋದವರ ಬಗ್ಗೆ ಮನೆಯವರನ್ನು ನೋಯಿಸಲೆಂದೇ ಬರೆದರೂ ಕ್ರಿಮಿನಲ್ ಮಾನನಷ್ಟವಾಗಬಹುದು. ಒಕ್ಕದ (ಕೊಡವ ಮನೆತನದ) ಜಗಳ, ಐನ್‌ಮನೆ (ಮನೆತನದ ಮೂಲಮನೆ) ವ್ಯಾಜ್ಯದ ಸುದ್ದಿಯಲ್ಲಿ ಹಿರಿಯರ ಹೆಸರು ಎಳೆದು ತರುವಾಗ ಇದು ನೆನಪಿರಲಿ.

ಕೇಸು ನಿಲ್ಲುವುದು, ಬೀಳುವುದು ದಾಖಲೆಯ ಮೇಲೆ. ಅಂದು ಗೀಚಿಕೊಂಡ ನೋಟ್‌ಬುಕ್, ತಾರೀಕಿರುವ ಫೋಟೊ, ಪಂಚಾಯಿತಿ ನಡಾವಳಿಯ ನಕಲು, ಆರ್‌ಟಿಐ ಉತ್ತರ, ಎಲ್ಲ ಒಂದೇ ಫೈಲಿಗೆ ಹಾಕಿ. ಮಾಲೀಕರ ಮಾತು ಕೇಳಲು ನೀವು ಮಾಡಿದ ಕರೆಯ ವಿವರ ಅದರಲ್ಲಿ ಮೇಲೇ ಇರಲಿ. ಅವರು ಫೋನ್ ಎತ್ತದಿದ್ದರೂ ನೀವು ಕೇಳಿದ್ದಿರಿ ಎಂಬುದಕ್ಕೆ ಅದು ಆಧಾರ. ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ. ಸ್ಕ್ರೀನ್‌ಶಾಟ್ ಕೋರ್ಟಿಗೆ ಕೊಡುವಾಗ ಅದು ಯಾವ ಫೋನಿನದು, ಹೇಗೆ ತೆಗೆದದ್ದು ಎಂದು ತಿಳಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಸಿವಿಲ್ ದಾವೆಯಲ್ಲಿ ಬರೆದದ್ದು ನಿಜವೆಂದು ತೋರಿಸಿದರೆ ಸಾಕು. ಕ್ರಿಮಿನಲ್ ಕೇಸಿನಲ್ಲಿ ನಿಜದ ಜೊತೆಗೆ ಅದರಿಂದ ಸಾರ್ವಜನಿಕರಿಗೆ ಒಳಿತಿದೆ ಎಂದೂ ತೋರಿಸಬೇಕು. ಹೊಳೆ ನೀರಿನ ಸುದ್ದಿಗೆ ಅದು ಕಷ್ಟವಲ್ಲ. ಅದೇ ಮಾಲೀಕರ ಸಂಸಾರದ ಜಗಳ ನಿಜವೇ ಇರಬಹುದು, ಊರಿಗೆ ಅದರಿಂದೇನು?

ಪಂಚಾಯಿತಿಯೇ ಪರಿಹಾರ ಕೇಳುತ್ತಿದ್ದರೆ ನಿಮ್ಮ ವಕೀಲರಿಗೆ 1994ರ ಆರ್. ರಾಜಗೋಪಾಲ್ ಪ್ರಕರಣದ ನೆನಪು ಮಾಡಿ. ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ಹಾಗೆ ದಾವೆ ಹೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ.

ನಂತರ ಉತ್ತರ. ತಪ್ಪಾಗಿದ್ದರೆ ಸುದ್ದಿ ಬಂದ ಜಾಗದಲ್ಲೇ, ಕಣ್ಣಿಗೆ ಬೀಳುವಂತೆ ತಿದ್ದುಪಡಿ ಹಾಕಿ. ಎಂಟನೇ ಪುಟದ ಮೂಲೆಯಲ್ಲಿ ಎರಡು ಸಾಲು ಹಾಕುವುದು ಹಾಕದಂತೆಯೇ. ತಪ್ಪಿಲ್ಲದಿದ್ದರೆ ವಕೀಲರ ಮೂಲಕ ಚಿಕ್ಕದಾಗಿ ಉತ್ತರಿಸಿ. ನಿಮಗೆ ಸುದ್ದಿ ಕೊಟ್ಟವರ ಹೆಸರು ಅದರಲ್ಲಿ ಬೇಡ.

ಉತ್ತರದ ಜೊತೆಗೇ ಕೇವಿಯಟ್, ಅಂದರೆ ‘ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ’ ಎಂದು ಕೋರ್ಟಿಗೆ ಮೊದಲೇ ಕೊಡುವ ಅರ್ಜಿ, ಹಾಕಿಸಿ. ಜಾಸ್ತಿ ಜನ ಇದನ್ನೇ ಮರೆಯುತ್ತಾರೆ. ನಿಮಗೆ ತಿಳಿಯುವ ಮೊದಲೇ ಎದುರು ಪಕ್ಷದವರು ತಡೆಯಾಜ್ಞೆ ತಂದುಬಿಟ್ಟರೆ ಮುಂದಿನ ಸುದ್ದಿ ಬರೆಯುವಂತಿಲ್ಲ. ಕೇವಿಯಟ್ ಇದ್ದರೆ ಅವರು ಅರ್ಜಿ ಹಾಕಿದ ವಿಷಯ ನಿಮಗೆ ತಿಳಿಯುತ್ತದೆ, ನಿಮ್ಮ ವಾದಕ್ಕೂ ಅವಕಾಶ ಸಿಗುತ್ತದೆ. ಅದು ಇರುವುದು 90 ದಿನ, ಆಮೇಲೆ ಹೊಸದಾಗಿ ಹಾಕಬೇಕು. ಮಾಲೀಕರು ಬೆಂಗಳೂರಿನವರಾದರೆ ದಾವೆ ಅಲ್ಲೇ ಬೀಳಬಹುದು. ಹಾಗಾಗಿ ಮಡಿಕೇರಿ, ವಿರಾಜಪೇಟೆಯಲ್ಲಿ ಮಾತ್ರವಲ್ಲ, ಅಲ್ಲೂ ಹಾಕಿಸಿ. ವಿಚಾರಣೆಗೆ ಮೊದಲೇ ಸುದ್ದಿಗೆ ತಡೆ ಕೊಡುವಾಗ ತುಂಬ ಎಚ್ಚರ ಬೇಕೆಂದು 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್–ಝೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪಿನ ಪ್ರತಿಯೂ ಫೈಲಿನಲ್ಲಿರಲಿ.

ದಾವೆ ಬಿದ್ದು ಸಮನ್ಸ್ ಬಂದರೆ ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ನೀವು ಕೋರ್ಟಿಗೆ ಕೊಡುವ ಉತ್ತರಕ್ಕೆ, 30 ದಿನ. ಕಾರಣ ಕೊಟ್ಟರೆ ಕೋರ್ಟ್ 90 ದಿನದವರೆಗೆ ಬಿಡಬಹುದು. ಕಾಫಿ ಕುಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂದು ಕೂರಬೇಡಿ.